ಸಂತೆಯಲ್ಲಿ ಮಾರಿದ ಆಫ್ರಿಕಾದ ಪುಸ್ತಕಗಳು: ಕ್ಯಾಟಲಾಗಿಗೆ ಹೇಗೆ ಸೇರಿಸೋಣ?

ಪುಟತಿರುವು

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಬಿಡುವಾದಾಗ ವಿಕಿಡೇಟಾದಲ್ಲಿ (ಯಾರು ಬೇಕಾದರೂ ತುಂಬಬಹುದಾದ ಆನ್‌ಲೈನ್ ಮಾಹಿತಿ ಕಣಜ) ಆಫ್ರಿಕಾದ ಪುಸ್ತಕಗಳ ವಿವರ ಸೇರಿಸುತ್ತಿರುತ್ತೇನೆ. ಚಿನುವಾ ಅಚೆಬೆ, ವೋಲೆ ಸೊಯಿಂಕಾ, ಗೂಗಿ ವಾ ಥಿಯಾಂಗೊ ಇವರ ಪುಸ್ತಕಗಳಿಗೆ ನನ್ನಂಥವರ ಅಗತ್ಯವೇ ಇಲ್ಲ. ಹೈನೆಮನ್ ಕಂಪನಿ 1962ರಲ್ಲಿ ಆಫ್ರಿಕನ್ ರೈಟರ್ಸ್ ಸೀರೀಸ್ ಶುರುಮಾಡಿತಲ್ಲ, ಆ ಮಾಲೆಯ ಪುಸ್ತಕಗಳೆಲ್ಲ ಯಾವ ದೊಡ್ಡ ಲೈಬ್ರರಿಯಲ್ಲಾದರೂ ಸಿಗುತ್ತವೆ. ನನಗೆ ತಲೆನೋವಾಗಿರುವುದು ಬೇರೆ ಥರದವು.

ನೈಜೀರಿಯಾದಲ್ಲಿ ನೈಜರ್ ನದಿಯ ದಂಡೆಯ ಮೇಲೆ ಒನಿಟ್ಶಾ ಅಂತ ಪೇಟೆ ಇದೆ. 1940ರ ದಶಕದ ಕೊನೆಯಿಂದ 1967ರಲ್ಲಿ ಬಿಯಾಫ್ರಾ ಯುದ್ಧ, ಅಂದರೆ ನೈಜೀರಿಯಾದ ಅಂತರ್ಯುದ್ಧ, ಶುರುವಾಗುವ ತನಕ ಅಲ್ಲಿನ ಸಣ್ಣ ಸಣ್ಣ ಅಚ್ಚುಕೂಟಗಳು ರಾಶಿ ರಾಶಿ ಪುಸ್ತಿಕೆ ತಂದವು. ಪ್ರೇಮಪತ್ರ ಬರೆಯುವುದು ಹೇಗೆ, ದುಡ್ಡು ಕೈಯಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ, ಮದುವೆ ನಾಟಕ, ಕಾಂಗೋದ ನಾಯಕ ಲುಮುಂಬಾ ಕಥೆ, ಏನೆಲ್ಲ! ಹೆಚ್ಚಿನವು ಇಂಗ್ಲಿಷಿನಲ್ಲಿ. ಆದರೆ ಅದು ಒನಿಟ್ಶಾದ ಇಂಗ್ಲಿಷ್. ಓದುತ್ತಿದ್ದವರು ಶಾಲಾ ಹುಡುಗರು, ಅಂಗಡಿ ಗುಮಾಸ್ತರು, ಲಾರಿ ಡ್ರೈವರುಗಳು.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಲೈಬ್ರರಿಯಲ್ಲಿ ಇವುಗಳ ಒಂದು ಸಂಗ್ರಹ ಇದೆ. ಕೆಲವನ್ನು ಪೂರ್ತಿ ಸ್ಕ್ಯಾನ್ ಮಾಡಿ ಎಲ್ಲರಿಗೂ ನೋಡಲು ಬಿಟ್ಟಿದ್ದಾರೆ. ಅವನ್ನು ಮುಂದಿಟ್ಟುಕೊಂಡು ದಾಖಲೆ ಮಾಡಲು ಕೂತರೆ ಫಾರಂ ತುಂಬುವುದೇ ಆಗುವುದಿಲ್ಲ. ಲೇಖಕರು? "ಸ್ಪೀಡಿ ಎರಿಕ್". ಇನ್ನೊಬ್ಬರು "ದಿ ಸ್ಟ್ರಾಂಗ್ ಮ್ಯಾನ್ ಆಫ್ ದಿ ಪೆನ್", ಅಂದರೆ ಒಕೆನ್ವಾ ಒಲಿಸಾ. ಇಸವಿ? ಎಷ್ಟೋ ಪುಸ್ತಿಕೆಗಳಲ್ಲಿ ಇಲ್ಲವೇ ಇಲ್ಲ. ಪ್ರಕಾಶಕರು? ಒಂದು ಪುಸ್ತಕದಂಗಡಿ. ಐಎಸ್‌ಬಿಎನ್ ಕೇಳಲೇಬೇಡಿ, ಆಗಿನ್ನೂ ಅದು ಹುಟ್ಟಿರಲಿಲ್ಲ. ಸಾಲದ್ದಕ್ಕೆ ಅಂಗಡಿಯವರು ಹಸ್ತಪ್ರತಿ ಕೊಂಡುಕೊಂಡು ತಮ್ಮದೇ ಹೆಸರು ಹಾಕಿ ಅಚ್ಚು ಹಾಕಿಸಿದ್ದೂ ಉಂಟು.

ಇಂಥದ್ದನ್ನು ನೀವು ಹೇಗೆ ದಾಖಲಿಸುತ್ತೀರಿ? ಖಾಲಿ ಬಿಡೋದಾ? ಅಂದಾಜು ಹಾಕೋದಾ? ನಾವು ನಾಲ್ಕೈದು ಜನ ಸೇರಿ ಒಂದು ಸ್ಪ್ರೆಡ್‌ಶೀಟ್ ಮಾಡಬೇಕು ಅಂತಿದ್ದೇವೆ. ಕಾಲಂಗಳು ಯಾವುವು ಇರಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡರೆ ಒಳ್ಳೆಯದು.

ಧಾರವಾಡದ ಮೇಷ್ಟ್ರು

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ ತಾಯಿ. ನಾನು ಬಹಳ ವರ್ಷ ಎಂ.ಎ. ತರಗತಿಗೆ ಆಫ್ರಿಕನ್ ಸಾಹಿತ್ಯ ಪಾಠ ಮಾಡಿದವನು. ಪಾಠ ಅಂದರೆ ಅದೇ ನಾಲ್ಕು ಹೆಸರು. ಸಿಲಬಸ್ಸಿನಲ್ಲಿ ಇದ್ದದ್ದೂ ಅಷ್ಟೇ, ಲೈಬ್ರರಿಯಲ್ಲಿ ಸಿಗುತ್ತಿದ್ದದ್ದೂ ಅಷ್ಟೇ.

ಒನಿಟ್ಶಾ ಬಗ್ಗೆ ನೀವು ಮೊದಲು ನೋಡಬೇಕಾದ್ದು ಎಮಾನ್ಯುಯೆಲ್ ಒಬಿಯೆಚಿನಾ ಅವರ ಅಧ್ಯಯನ. 1973ರಲ್ಲಿ ಕೇಂಬ್ರಿಜ್‌ನಿಂದ ಬಂತು. ಒಗಾಲಿ ಎ. ಒಗಾಲಿ 1956ರಲ್ಲಿ ಬರೆದ 'ವೆರೋನಿಕಾ ಮೈ ಡಾಟರ್' ಆ ಸಂತೆಯ ದೊಡ್ಡ ಹಿಟ್. ಅಪ್ಪ ತನಗೆ ಬೇಕಾದ ಸಾಹುಕಾರನಿಗೆ ಮಗಳನ್ನು ಕೊಡಬೇಕು ಅಂತಾನೆ, ಮಗಳು ಒಪ್ಪುವುದಿಲ್ಲ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಸಿಪ್ರಿಯನ್ ಎಕ್ವೆನ್ಸಿ ಮುಂದೆ ದೊಡ್ಡ ಕಾದಂಬರಿಕಾರ ಆದರು, ಅವರ ಶುರುವಿನ ಕಥೆಗಳೂ ಈ ಸಂತೆಯವೇ.

ಇನ್ನೊಂದು ಸ್ವಾರಸ್ಯ. ಎರಡನೇ ಮಹಾಯುದ್ಧದಲ್ಲಿ ನೈಜೀರಿಯಾದ ಸೈನಿಕರು ಭಾರತಕ್ಕೂ ಬರ್ಮಾಕ್ಕೂ ಬಂದಿದ್ದರು. ಊರಿಗೆ ಹೋಗುವಾಗ ಇಲ್ಲಿನ ಅಗ್ಗದ ಪುಸ್ತಿಕೆಗಳನ್ನು ಒಯ್ದರು, ಒನಿಟ್ಶಾದವರಿಗೆ ಅವೂ ಒಂದು ಮಾದರಿ ಆದವು ಅಂತ ಒಂದು ಅಭಿಪ್ರಾಯ ಇದೆ. ನಮ್ಮ ರೈಲ್ವೆ ಸ್ಟೇಷನ್ನಿನ ಪುಸ್ತಕಗಳು ಎಲ್ಲಿಗೆಲ್ಲ ಹೋಗಿವೆ ನೋಡಿ!

ಗ್ರಂಥಸೂಚಿ ಮಾಡಿದವರು ಮುಂಚೆಯೂ ಇದ್ದರು. ಜರ್ಮನಿಯ ಯಾನ್‌ಹೈನ್ಜ್ ಯಾನ್ 1965ರಲ್ಲಿ ಒಂದು ಸೂಚಿ ತಂದರು, 1971ರಲ್ಲಿ ಡ್ರೆಸ್ಲರ್ ಜೊತೆ ಇನ್ನೂ ದೊಡ್ಡದು. ಟೆಕ್ಸಾಸಿನ ಬರ್ನ್ತ್ ಲಿಂಡ್‌ಫೋರ್ಸ್ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕಾದವರ ಬಗ್ಗೆ ಸಂಪುಟದ ಮೇಲೆ ಸಂಪುಟ ಮಾಡಿದರು. ನಮ್ಮ ಆರ್. ನರಸಿಂಹಾಚಾರ್ಯರು 'ಕರ್ನಾಟಕ ಕವಿಚರಿತೆ' ಮಾಡಿದ ಹಾಗೆಯೇ ಇವರೂ ಊರೂರು, ಲೈಬ್ರರಿ ಲೈಬ್ರರಿ ತಡಕಿ ಮಾಡಿದ ಕೆಲಸ. ಕೊರತೆ ಏನು ಅಂದರೆ, ಅಚ್ಚಾದ ಸೂಚಿ ಅಚ್ಚಾದ ವರ್ಷಕ್ಕೆ ನಿಂತುಹೋಗುತ್ತದೆ.

ಕೋಡುಬಳೆ

ಮೇಡಂ, ನಾನು ಸಾಫ್ಟ್‌ವೇರ್‌ನವನು. ಸಾಹಿತ್ಯ ಗೊತ್ತಿಲ್ಲ, ಟೇಬಲ್ ಮಾಡೋದು ಗೊತ್ತು. ನನ್ನ ಸಲಹೆ ಇಷ್ಟು.

ಮೊದಲನೆಯದು, ಮೂರನ್ನು ಬೇರೆ ಬೇರೆ ಇಡಿ. ಕೃತಿ ಒಂದು, ಅದರ ಮುದ್ರಣ ಇನ್ನೊಂದು, ಲೈಬ್ರರಿಯಲ್ಲಿ ಕೂತಿರುವ ಪ್ರತಿ ಮತ್ತೊಂದು. ಒಂದೇ ನಾಟಕ ಮೂರು ಅಂಗಡಿಯವರ ಹೆಸರಲ್ಲಿ ಬಂದಿದ್ದರೆ ಕೃತಿ ಒಂದೇ, ಮುದ್ರಣ ಮೂರು. ಇದನ್ನು ಒಂದೇ ಸಾಲಿನಲ್ಲಿ ತುರುಕಿದರೆ ಮುಂದೆ ಬಿಡಿಸುವುದಕ್ಕೆ ಆಗುವುದಿಲ್ಲ.

ಎರಡನೆಯದು, ಪುಸ್ತಕದ ಮೇಲೆ ಏನು ಅಚ್ಚಾಗಿದೆಯೋ ಅದಕ್ಕೊಂದು ಕಾಲಂ. ನಮಗೆ ಏನು ಅನ್ನಿಸುತ್ತದೋ ಅದಕ್ಕೆ ಇನ್ನೊಂದು. "ಸ್ಪೀಡಿ ಎರಿಕ್" ಅಂತ ಇದ್ದರೆ ಹಾಗೇ ಬರೆಯಿರಿ, ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ. ಅಸಲಿ ಹೆಸರು ಪಕ್ಕದ ಕಾಲಂನಲ್ಲಿ, ಯಾರು ಹೇಳಿದ್ದು ಅನ್ನುವುದರ ಜೊತೆ.

ಇಸವಿಗೆ ಖಾಲಿ ಬಿಡಬೇಡಿ. 196X ಅಂತ ಬರೆಯುವ ಪದ್ಧತಿ ಇದೆ, ಅರವತ್ತರ ದಶಕದ ಯಾವುದೋ ಒಂದು ವರ್ಷ ಅಂತ ಅರ್ಥ. ವಿಕಿಡೇಟಾದಲ್ಲೂ ದಶಕದ ಮಟ್ಟಕ್ಕೆ ನಿಲ್ಲಿಸಬಹುದು, "ಸುಮಾರು" ಅಂತಲೂ ಸೇರಿಸಬಹುದು.

ಸಂಶಯಪಿಶಾಚಿ

ಇಷ್ಟೆಲ್ಲ ಯಾಕೆ? ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿ, ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಓದುವ ಸಾಫ್ಟ್‌ವೇರ್) ಓಡಿಸಿ, ಸರ್ಚ್ ಬಾಕ್ಸ್ ಇಡಿ. ಬೇಕಾದವರು ಹುಡುಕಿಕೊಳ್ಳುತ್ತಾರೆ. ಕ್ಯಾಟಲಾಗು ಅನ್ನೋದು ಕಾರ್ಡು ಡ್ರಾಯರಿನ ಕಾಲದ್ದು. ಸುಮ್ನೆ ಸಮಯ ಹಾಳು.

ಪುಟತಿರುವು

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕ ಹುಡುಕಿದ್ದೀರಾ? ಸ್ಕ್ಯಾನ್ ಆಗಿ ಕೂತಿದ್ದವು, ಸಾವಿರಗಟ್ಟಲೆ. ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದ ಹಾಗೆ ಟೈಪ್ ಮಾಡಿದ್ದರು. ಪುಸ್ತಕ ಅಲ್ಲೇ ಇದ್ದರೂ ಸಿಗುತ್ತಿರಲಿಲ್ಲ. ಸಂಚಯ ಅನ್ನುವ ತಂಡದವರು ಹತ್ತಾರು ಜನರನ್ನು ಸೇರಿಸಿಕೊಂಡು ಆ ಹೆಸರುಗಳನ್ನು ಕನ್ನಡಕ್ಕೆ ತಂದು 'ಪುಸ್ತಕ ಸಂಚಯ' ಮಾಡಿದ ಮೇಲೆ ತಾನೇ ನಮಗೆಲ್ಲ ಹುಡುಕಲು ಆದದ್ದು?

ಓಸಿಆರ್ ವಿಷಯಕ್ಕೆ ಬಂದರೆ, ಇವು ಸವೆದ ಮೊಳೆಯಲ್ಲಿ, ಅಗ್ಗದ ಕಾಗದದ ಮೇಲೆ ಹೊಡೆದ ಅಚ್ಚು. ಒಂದು ಪುಟದ ಮಸಿ ಇನ್ನೊಂದು ಪುಟಕ್ಕೆ ಇಳಿದಿರುತ್ತದೆ. ಓಡಿಸಿ ನೋಡಿ, ಏನು ಬರುತ್ತದೆ ಅಂತ ಇಲ್ಲೇ ಹಾಕಿ.

ಸಂಶಯಪಿಶಾಚಿ

ಆಯ್ತು, ಓಡಿಸುತ್ತೇನೆ. ಆದರೂ ಒಂದು ಪ್ರಶ್ನೆ. ಸ್ಕ್ಯಾನೇ ಇಲ್ಲದ ಪುಸ್ತಕದ ಹೆಸರು ಪಟ್ಟಿಯಲ್ಲಿ ಇದ್ದು ಏನು ಪ್ರಯೋಜನ? ಊಟ ಇಲ್ಲದ ಮೆನು ಕಾರ್ಡು.

ಧಾರವಾಡದ ಮೇಷ್ಟ್ರು

ಪ್ರಯೋಜನ ಇದೆ ಮಹರಾಯ. ದಕ್ಷಿಣ ಆಫ್ರಿಕಾದ ಎಸ್.ಇ.ಕೆ. ಮ್ಖಾಯಿ ಷೋಸಾ ಭಾಷೆಯ ದೊಡ್ಡ ಕವಿ. 1914ರ ಅವರ 'ಇತ್ಯಾಲಾ ಲಾಮಾವೆಲೆ' ಇವತ್ತಿಗೂ ಓದುತ್ತಾರೆ. ಅದಕ್ಕೂ ಮುಂಚೆ, 1907ರಲ್ಲಿ, ಬೈಬಲ್ಲಿನ ಸ್ಯಾಮ್ಸನ್ ಕಥೆ ಹಿಡಿದು ಒಂದು ಪುಸ್ತಕ ಬರೆದಿದ್ದರು. ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಸೂಚಿಯಲ್ಲಿ ಹೆಸರು ಇರುವುದರಿಂದಲೇ ಹುಡುಕುವವರು ಹುಡುಕುತ್ತಾರೆ. ನಮ್ಮ ಪೊನ್ನನ 'ಭುವನೈಕ ರಾಮಾಭ್ಯುದಯ' ಸಿಕ್ಕಿಲ್ಲ ಅಂತ ಕವಿಚರಿತೆಯಿಂದ ಅದನ್ನು ತೆಗೆದು ಹಾಕಿದ್ದೇವಾ?

ಇನ್ನೊಂದು ಮಾತು. ಪುಸ್ತಕ ಅಂತ ಹುಡುಕಿದರೆ ಅರ್ಧ ಸಾಹಿತ್ಯ ಸಿಗುವುದೇ ಇಲ್ಲ. ಅದು ಪತ್ರಿಕೆಗಳಲ್ಲಿ ಇದೆ. ಲೇಗೋಸಿನ 'ಅಕೆಡೆ ಎಕೊ' ಪತ್ರಿಕೆಯಲ್ಲಿ 1929–30ರಲ್ಲಿ ಸೆಗಿಲೊಲಾ ಅನ್ನುವ ಹೆಂಗಸಿನ ಪತ್ರಗಳು ವಾರ ವಾರ ಬಂದವು. ಕಾಯಿಲೆ ಬಿದ್ದ ಸೂಳೆಯೊಬ್ಬಳು ತನ್ನ ಬಾಳಿನ ಕಥೆ ಹೇಳಿಕೊಳ್ಳುತ್ತಾಳೆ. ಓದುಗರು ನಿಜ ಅಂತಲೇ ನಂಬಿದರು. ಬರೆಯುತ್ತಿದ್ದವರು ಸಂಪಾದಕ ಐ.ಬಿ. ಥಾಮಸ್! ಯೊರುಬಾ ಭಾಷೆಯ ಮೊದಲ ಕಾದಂಬರಿ ಅದೇ ಅಂತ ಬಹಳ ಜನ ಹೇಳುತ್ತಾರೆ. ಕ್ಯಾರಿನ್ ಬಾರ್ಬರ್ 2012ರಲ್ಲಿ ಅದನ್ನು ಅನುವಾದದ ಜೊತೆ ಹೊರತಂದರು. ಸಾಮಾನ್ಯ ಓದುಗರಿಗೆ ಗೊತ್ತಿದ್ದ ಹಳೆಯ ಯೊರುಬಾ ಕಾದಂಬರಿ ಅಂದರೆ ಫಗುನ್ವಾ 1938ರಲ್ಲಿ ಬರೆದದ್ದು. ಯಾಕೆ? ಅದು ಪುಸ್ತಕವಾಗಿ ಬಂತು, ಮೇಲೆ ಸೊಯಿಂಕಾ ಇಂಗ್ಲಿಷಿಗೆ ಮಾಡಿದರು.

ಹಾಗಾಗಿ ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ "ಎಲ್ಲಿ ಬಂತು" ಅನ್ನುವ ಕಾಲಂ ಇರಲಿ. ಧಾರಾವಾಹಿ ಆಗಿದ್ದರೆ ಯಾವ ಪತ್ರಿಕೆ, ಯಾವ ಸಂಚಿಕೆಯಿಂದ ಯಾವ ಸಂಚಿಕೆ ತನಕ, ಎಲ್ಲ.

ಉಡುಪಿ ಮಲ್ಲಿಗೆ

ಭಾಷೆಯ ಕಾಲಂ ಬಗ್ಗೆ ನನ್ನದೊಂದು ತಕರಾರು. ಲೈಬ್ರರಿಗಳಲ್ಲಿ ಮಾರ್ಕ್ ಅನ್ನುವ ಪದ್ಧತಿಯಲ್ಲಿ ಪ್ರತಿ ಭಾಷೆಗೂ ಮೂರಕ್ಷರದ ಕೋಡ್. ಕನ್ನಡಕ್ಕೆ ತನ್ನದೇ ಕೋಡ್ ಇದೆ. ನಮ್ಮ ತುಳುವಿಗೆ ಇಲ್ಲ. "ಇತರ ದ್ರಾವಿಡ" ಅನ್ನುವ ಚೀಲಕ್ಕೆ ಹೋಗುತ್ತದೆ. ಕೊಡವ ತಕ್ಕ್‌ಗೂ ಅದೇ ಗತಿ. ಆಫ್ರಿಕಾದಲ್ಲಿ ಇದು ಇನ್ನೂ ಜಾಸ್ತಿ. "ಇತರ ಬಂಟು" ಅಂತ ಒಂದು ಚೀಲ, ಕೀನ್ಯಾದ ಗುಸಿಯಂಥ ಎಷ್ಟೋ ಭಾಷೆಗಳು ಅದರೊಳಗೆ. ಗುಸಿ ಭಾಷೆಯ ಪುಸ್ತಕಗಳನ್ನು ಮಾತ್ರ ತೋರಿಸು ಅಂದರೆ ಕ್ಯಾಟಲಾಗಿಗೆ ತೋರಿಸಲು ಬರುವುದಿಲ್ಲ.

ಐಎಸ್‌ಒ 639-3 ಅನ್ನುವ ಅಂತರರಾಷ್ಟ್ರೀಯ ಭಾಷಾ ಕೋಡ್ ಪಟ್ಟಿಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಕೋಡ್ ಇದೆ. ದಯವಿಟ್ಟು ಅದನ್ನೇ ಬಳಸಿ.

ಪುಟತಿರುವು

ಖಂಡಿತ ಬಳಸುತ್ತೇವೆ. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಂಗಡಿಸಿ ಜೋಡಿಸುವ ಡ್ಯೂಯಿ ನಂಬರಿನ ಕಥೆಯೂ ಹೀಗೇ. ಸ್ವಾಹಿಲಿ, ಯೊರುಬಾ, ಜುಲು ಎಲ್ಲ 896ರಲ್ಲಿ ಒತ್ತೊತ್ತಾಗಿ ಕೂತಿವೆ. ಹೌಸಾ 893ಕ್ಕೆ, ಅಮ್ಹಾರಿಕ್ 892ಕ್ಕೆ. ಅಚೆಬೆ ಇಂಗ್ಲಿಷಿನಲ್ಲಿ ಬರೆದರು ಅಂತ 823ರಲ್ಲಿ ಡಿಕನ್ಸ್ ಪಕ್ಕ. ಕಪಾಟಿನಲ್ಲಿ ನೈಜೀರಿಯಾ ಅನ್ನುವ ಒಂದು ಜಾಗವೇ ಇಲ್ಲ. ಕಂಪ್ಯೂಟರಿನಲ್ಲಿ ಆ ತಾಪತ್ರಯ ಬೇಕಿಲ್ಲ, ಒಂದೇ ಪುಸ್ತಕಕ್ಕೆ ಎಷ್ಟು ಗುರುತು ಬೇಕಾದರೂ ಹಚ್ಚಬಹುದು.

ಕೋಡುಬಳೆ

ಲಿಪಿಗೂ ಒಂದು ಕಾಲಂ ಸೇರಿಸಿ. ಕಂಪ್ಯೂಟರಿಗೆ ಎಲ್ಲ ಲಿಪಿಗಳ ಅಕ್ಷರ ಗುರುತಿಸಿಕೊಡುವ ಪಟ್ಟಿ ಯೂನಿಕೋಡ್. ಕನ್ನಡ ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇತ್ತು. ಇಥಿಯೋಪಿಯಾದ ಲಿಪಿ ಬಂದದ್ದು 1999ರಲ್ಲಿ. ಸೊಲೊಮಾನಾ ಕಾಂತೆ 1949ರಲ್ಲಿ ಪಶ್ಚಿಮ ಆಫ್ರಿಕಾದ ಭಾಷೆಗಳಿಗೆ ಅಂತ ಮಾಡಿದ ಎನ್‌ಕೊ ಲಿಪಿಗೆ 2006ರ ತನಕ ಕಾಯಬೇಕಾಯಿತು. ಗಿನಿ ದೇಶದ ಬ್ಯಾರಿ ಅಣ್ಣತಮ್ಮಂದಿರು ಚಿಕ್ಕ ಹುಡುಗರಾಗಿದ್ದಾಗ ಫುಲಾನಿ ಭಾಷೆಗೆ ಅಂತ ಕಟ್ಟಿದ ಅಡ್ಲಾಮ್ ಲಿಪಿ 2016ರಲ್ಲಿ ಸೇರಿತು. ಅಲ್ಲಿಯ ತನಕ ಈ ಪುಸ್ತಕಗಳ ಹೆಸರನ್ನು ಅವುಗಳದ್ದೇ ಅಕ್ಷರದಲ್ಲಿ ಕ್ಯಾಟಲಾಗಿನಲ್ಲಿ ಬರೆಯುವುದು ಹೇಗೆ ಸಾಧ್ಯವಿತ್ತು?

ರೋಮನ್ ಅಕ್ಷರದಲ್ಲೂ ನೆಮ್ಮದಿ ಇಲ್ಲ. ಯೊರುಬಾದಲ್ಲಿ ಅಕ್ಷರದ ಕೆಳಗೊಂದು ಚುಕ್ಕಿ, ಮೇಲೊಂದು ಸ್ವರದ ಗುರುತು. ಹಳೆಯ ಸಿಸ್ಟಂಗಳು ಎರಡನ್ನೂ ಕಿತ್ತು ಹಾಕಿವೆ. ಗೂಗಿ ಅವರ ಹೆಸರಿನ ಮೇಲಿನ ಗುರುತುಗಳೂ ಹಾಗೇ ಹೋಗಿವೆ. ಅವರ ಮೊದಲ ಕಾದಂಬರಿಗಳು ಜೇಮ್ಸ್ ಗೂಗಿ ಅನ್ನುವ ಹೆಸರಲ್ಲಿ ಬಂದಿದ್ದವು ಅನ್ನುವುದು ಬೇರೆ. ಗುರುತು ಸಮೇತ ಒಂದು ರೂಪ, ಗುರುತಿಲ್ಲದೆ ಒಂದು ರೂಪ, ಎರಡೂ ಇಡಿ. ಹುಡುಕುವವರು ಸಾಮಾನ್ಯವಾಗಿ ಎರಡನೆಯದನ್ನೇ ಟೈಪ್ ಮಾಡುತ್ತಾರೆ.

ದೊಡ್ಡಪ್ಪನ ಟ್ರಂಕು

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮ ದೊಡ್ಡಪ್ಪ ಇಥಿಯೋಪಿಯಾದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆಗ ನಮ್ಮ ಕಡೆಯಿಂದ ಬಹಳ ಜನ ಮೇಷ್ಟ್ರುಗಳು ಅಲ್ಲಿಗೆ ಹೋಗುತ್ತಿದ್ದರಂತೆ. ಅವರು ತಂದ ಟ್ರಂಕಿನಲ್ಲಿ ಅಮ್ಹಾರಿಕ್ ಪುಸ್ತಕಗಳು ಇವೆ. ಹದಿನೈದಿಪ್ಪತ್ತು ಇರಬಹುದು. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ರದ್ದಿಗೆ ಹಾಕೋಣ ಅಂತ ಅಮ್ಮ ಹೇಳುತ್ತಿದ್ದಾರೆ. ಒಂದರ ಮೇಲೆ ಅಂಕಿಯಲ್ಲಿ 1958 ಅಂತ ಇದೆ, ಇನ್ನೊಂದರ ಮೇಲೆ 1966. ಇವು ಯಾರಿಗಾದರೂ ಬೇಕಾಗುತ್ತವಾ?

ಪುಟತಿರುವು

ದಯವಿಟ್ಟು ರದ್ದಿಗೆ ಹಾಕಬೇಡಿ!! ಮೊದಲು ರಟ್ಟು, ಶೀರ್ಷಿಕೆ ಪುಟ, ಅದರ ಹಿಂದಿನ ಪುಟ ಮೂರರದ್ದೂ ಫೋಟೋ ತೆಗೆದು ಹಾಕಿ.

ಧಾರವಾಡದ ಮೇಷ್ಟ್ರು

ಇಸವಿ ಬಗ್ಗೆ ಹುಷಾರು. ಇಥಿಯೋಪಿಯಾದ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಅವರ ಹೊಸ ವರ್ಷ ಸೆಪ್ಟೆಂಬರಿನಲ್ಲಿ. ಪುಸ್ತಕದ ಮೇಲೆ 1958 ಅಂದರೆ ನಮ್ಮ 1965–66. ಹದ್ದಿಸ್ ಅಲೆಮಾಯೆಹು ಅವರ 'ಫಿಕಿರ್ ಎಸ್ಕೆ ಮೆಕಾಬಿರ್' ಬಂದದ್ದು ಅದೇ ವರ್ಷ. ಅಮ್ಹಾರಿಕ್ ಕಾದಂಬರಿಗಳಲ್ಲಿ ಅದಕ್ಕಿಂತ ಹೆಸರಾದದ್ದು ಇನ್ನೊಂದಿಲ್ಲ. ಇಂಥ ಪುಸ್ತಕಕ್ಕೂ ಬೇರೆ ಬೇರೆ ಕ್ಯಾಟಲಾಗಿನಲ್ಲಿ ಬೇರೆ ಬೇರೆ ಇಸವಿ ಬೀಳುವ ಅಪಾಯ ಇದ್ದೇ ಇದೆ. ನಮ್ಮ ಹಳೇ ಪುಸ್ತಕಗಳ ಮೇಲೆ ಶಾಲಿವಾಹನ ಶಕೆ ಇರುತ್ತದಲ್ಲ, ಅದನ್ನು ಕ್ರಿ.ಶ. ಅಂತ ಓದಿದರೆ ಏನಾಗುತ್ತದೋ ಅದೇ.

ಹೆಸರೂ ಹಾಗೇ. ಅಲ್ಲಿ ಮನೆತನದ ಹೆಸರು ಇಲ್ಲ. ಹದ್ದಿಸ್ ಅನ್ನುವುದು ಅವರ ಹೆಸರು, ಅಲೆಮಾಯೆಹು ಅಪ್ಪನ ಹೆಸರು. "ಅಲೆಮಾಯೆಹು, ಹದ್ದಿಸ್" ಅಂತ ತಿರುಗಿಸಿ ಬರೆದರೆ ಪುಸ್ತಕವನ್ನು ಅಪ್ಪನ ಲೆಕ್ಕಕ್ಕೆ ಹಾಕಿದಂತೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವುದನ್ನು ಪಾಶ್ಚಾತ್ಯ ಸಿಸ್ಟಂಗೆ ಕೊಟ್ಟಾಗ ಏನೇನು ಆಗುತ್ತದೆ ಅಂತ ನಮಗೆ ಹೇಳಬೇಕೇ?

ದೊಡ್ಡಪ್ಪನ ಟ್ರಂಕು

ಅಂದರೆ 1966 ಅಂತ ಇರುವುದು ನಮ್ಮ 1973–74? ಅಬ್ಬಾ. ಚಕ್ರವರ್ತಿ ಹೈಲೆ ಸೆಲಾಸಿ ಅವರನ್ನು ಕೆಳಗಿಳಿಸಿದ ಹೊತ್ತಿಗೆ ದೊಡ್ಡಪ್ಪ ಅಲ್ಲೇ ಇದ್ದರು. ಫೋಟೋ ತೆಗೆಯುತ್ತೇನೆ.

ಲಂಡನ್ ಮಳೆ

ಒಂದು ವಿಷಯ ಯಾರೂ ಎತ್ತಿಲ್ಲ. ಪ್ರತಿ ಎಲ್ಲಿದೆ? ಒನಿಟ್ಶಾ ಪುಸ್ತಿಕೆ ನೋಡಬೇಕು ಅಂದರೆ ಒನಿಟ್ಶಾದ ಹುಡುಗ ಕಾನ್ಸಾಸ್ ಕಡೆ ನೋಡಬೇಕು. ಯುದ್ಧದಲ್ಲಿ ಆ ಮಾರುಕಟ್ಟೆಯೇ ಸುಟ್ಟು ಹೋಯಿತು, ಹೊರಗೆ ಹೋದ ಪ್ರತಿಗಳು ಉಳಿದವು ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು.

ಹಾಗಂತ ದೊಡ್ಡ ಸಂಸ್ಥೆಯಲ್ಲಿ ಇದ್ದರೆ ಭದ್ರ ಅಂತ ತಿಳಿಯಬೇಡಿ. 2021ರ ಏಪ್ರಿಲ್ 18ರಂದು ಟೇಬಲ್ ಮೌಂಟನ್ ತಪ್ಪಲಿನ ಕಾಳ್ಗಿಚ್ಚು ಹಬ್ಬಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಲೈಬ್ರರಿ ಸುಟ್ಟಿತು. ಆಫ್ರಿಕನ್ ಸ್ಟಡೀಸ್ ಸಂಗ್ರಹದ ಸುಮಾರು 70,000 ಮುದ್ರಿತ ಪುಸ್ತಕಗಳು ಹೋದವು. ಎಷ್ಟು ಹೋಯಿತು, ಯಾವುದು ಹೋಯಿತು ಅಂತ ಹೇಳಲು ಸಾಧ್ಯವಾದದ್ದು ಕ್ಯಾಟಲಾಗು ಇದ್ದದ್ದರಿಂದ. ಸಂಶಯಪಿಶಾಚಿಗಳೇ, ಇದು ನಿಮಗೆ. 2023ರ ಅಕ್ಟೋಬರಿನಲ್ಲಿ ಇಲ್ಲಿನ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆಯಿತು. ಪುಸ್ತಕಗಳು ಕಪಾಟಿನಲ್ಲಿ ಹಾಗೇ ಇದ್ದವು, ಕ್ಯಾಟಲಾಗು ತಿಂಗಳುಗಟ್ಟಲೆ ಇರಲಿಲ್ಲ. ಆಫ್ರಿಕಾದ ಹಳ್ಳಿಗಳಿಂದ ಸ್ಕ್ಯಾನ್ ಮಾಡಿ ತಂದ, ಅಳಿವಿನಂಚಿನ ದಾಖಲೆ ಉಳಿಸುವ ಆ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆಯ ಚಿತ್ರಗಳಿಗೂ ಅದೇ ಪಾಡು.

ಆದ್ದರಿಂದ ನಿಮ್ಮ ಸ್ಪ್ರೆಡ್‌ಶೀಟನ್ನು ಎರಡು ಮೂರು ಕಡೆ ಇಡಿ. ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇರಲಿ.

ಉಡುಪಿ ಮಲ್ಲಿಗೆ

ಆಫ್ರಿಕಾದಲ್ಲೇ ಇದನ್ನು ಮಾಡುವವರು ಇಲ್ವಾ? ನಾವು ಇಲ್ಲಿ ಕೂತು ಅವರ ಪುಸ್ತಕದ ಪಟ್ಟಿ ಮಾಡುವುದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ.

ಲಂಡನ್ ಮಳೆ

ಇದ್ದಾರೆ, ಚೆನ್ನಾಗಿಯೇ ಮಾಡುತ್ತಿದ್ದಾರೆ. ಘಾನಾದ ಆಕ್ರಾದಲ್ಲಿ ಸಿಲ್ವಿಯಾ ಆರ್ಥರ್ ಕಟ್ಟಿದ ಲೋಟಾಡ್ ಲೈಬ್ರರಿ ಇದೆ, ಆಫ್ರಿಕಾದವರ ಮತ್ತು ಹೊರಗೆ ಚದುರಿದ ಆಫ್ರಿಕನ್ ಮೂಲದವರ ಪುಸ್ತಕಗಳಿಗೇ ಮೀಸಲು. ಕೇಪ್‌ಟೌನಿನ ಚಿಮುರೆಂಗಾ ತಂಡ ಆಫ್ರಿಕಾದ ಸ್ವತಂತ್ರ ನಿಯತಕಾಲಿಕೆಗಳ ಬಗ್ಗೆ ಆನ್‌ಲೈನ್ ಸಂಗ್ರಹ ಮಾಡಿದೆ. ನೈರೋಬಿಯಲ್ಲಿ ಬುಕ್ ಬಂಕ್‌ನವರು ಮ್ಯಾಕ್‌ಮಿಲನ್ ಲೈಬ್ರರಿಯನ್ನು ಎತ್ತಿ ನಿಲ್ಲಿಸುತ್ತಿದ್ದಾರೆ. 1931ರಲ್ಲಿ ತೆರೆದಾಗ ಅದರೊಳಗೆ ಬಿಳಿಯರಿಗೆ ಮಾತ್ರ ಪ್ರವೇಶ. ಮಾಲಿ ದೇಶದ ಟಿಂಬಕ್ಟೂವಿನಲ್ಲಿ 2012ರಲ್ಲಿ ಅಬ್ದೆಲ್ ಕಾದರ್ ಹೈದರಾ ಮತ್ತು ಜೊತೆಗಾರರು ಉಗ್ರರ ಕೈಗೆ ಸಿಗದ ಹಾಗೆ ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ರಾಜಧಾನಿ ಬಮಾಕೋಗೆ ಸಾಗಿಸಿದ್ದು ನಿಮಗೆಲ್ಲ ಗೊತ್ತೇ ಇದೆ.

ಹೊರಗಿನವರೂ ಕೊಳ್ಳುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1966ರಿಂದ ನೈರೋಬಿಯಲ್ಲಿ ಕಚೇರಿ ಇಟ್ಟಿದೆ. ಅವರ ದೆಹಲಿ ಕಚೇರಿ ಕನ್ನಡ ಪುಸ್ತಕಗಳನ್ನೂ ಕೊಂಡು ಕಳಿಸುತ್ತದಲ್ಲ, ಅದರ ಅಕ್ಕತಂಗಿ ಇದು.

ನಾವು ಇಲ್ಲಿಂದ ಮಾಡುವುದರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ. ಅವರು ಮಾಡಿದ್ದನ್ನು ನೋಡದೆ ಮಾಡುವುದು ತಪ್ಪು.

ಮಿರ್ಚಿಮಂಡಕ್ಕಿ

ಕಾನೋ ಬಗ್ಗೆ ಯಾರೂ ಹೇಳಲಿಲ್ಲ! ಉತ್ತರ ನೈಜೀರಿಯಾದ ಕಾನೋದಲ್ಲಿ 1980ರ ದಶಕದಿಂದ ಹೌಸಾ ಭಾಷೆಯಲ್ಲಿ ಪ್ರೇಮ ಕಾದಂಬರಿಗಳ ದೊಡ್ಡ ಅಲೆ ಎದ್ದಿತು. 'ಸೋಯಯ್ಯಾ' ಪುಸ್ತಕಗಳು ಅಂತಾರೆ. ಬರೆಯುವವರಲ್ಲಿ ಹೆಂಗಸರು ಬಹಳ, ಓದುವವರಲ್ಲೂ ಹೆಂಗಸರೇ ಜಾಸ್ತಿ. ತಾವೇ ದುಡ್ಡು ಹಾಕಿ ಅಚ್ಚು ಹಾಕಿಸುವುದು, ಮಾರುಕಟ್ಟೆಯಲ್ಲಿ ಮಾರುವುದು. ಸವತಿ, ಬಲವಂತದ ಮದುವೆ, ಓದಬೇಕು ಅನ್ನುವ ಹುಡುಗಿ, ಇವೇ ವಿಷಯ. ನಮ್ಮ ಹಿಂದಿ ಸಿನಿಮಾಗಳ ಛಾಯೆ ಇದೆ ಅಂತ ಸಂಶೋಧಕರು ಬರೆದಿದ್ದಾರೆ. ಕಾನೋದ ಜನ ಹಿಂದಿ ಸಿನಿಮಾ ಅಂದರೆ ಪ್ರಾಣ ಬಿಡುತ್ತಾರಂತೆ.

2007ರಲ್ಲಿ ಅಲ್ಲಿನ ರಾಜ್ಯಪಾಲ ಇಬ್ರಾಹಿಂ ಶೆಕಾರೌ ಇಂಥ ಪುಸ್ತಕಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿಸಿದರು. ಊರು ಕೆಡುತ್ತದೆ ಅಂತ ಕಾರಣ.

ಇವುಗಳಲ್ಲಿ ಇಂಗ್ಲಿಷಿಗೆ ಬಂದವು ಬೆರಳೆಣಿಕೆ. ಬಲರಾಬಾ ರಮತ್ ಯಾಕುಬು 1990ರಲ್ಲಿ ಬರೆದ ಕಾದಂಬರಿಯೊಂದನ್ನು ಅಲಿಯು ಕಮಲ್ ಅನುವಾದ ಮಾಡಿದರು. ಅದನ್ನು ಪ್ರಕಟಿಸಿದ್ದು ಲಂಡನ್ನಿನವರಲ್ಲ, ನ್ಯೂಯಾರ್ಕಿನವರಲ್ಲ. ನಮ್ಮ ಪಕ್ಕದ ಚೆನ್ನೈಯ ಬ್ಲಾಫ್ಟ್, 2012ರಲ್ಲಿ. ತಮಿಳಿನ ಅಗ್ಗದ ಜನಪ್ರಿಯ 'ಪಲ್ಪ್' ಕಥೆಗಳನ್ನು ಹೊರತಂದವರಿಗೆ ಕಾನೋದ ಬೆಲೆ ಗೊತ್ತಾಯಿತು!

ಕ್ಯಾಟಲಾಗು ಮಾಡುವವರಿಗೆ ಇಲ್ಲಿ ಇನ್ನೊಂದು ತೊಡಕು. ಒಂದೇ ಕಾದಂಬರಿ ಒಂದು, ಎರಡು, ಮೂರು ಅಂತ ತೆಳ್ಳಗಿನ ಭಾಗಗಳಾಗಿ ಬರುತ್ತದೆ. ಲೈಬ್ರರಿಯಲ್ಲಿ ಎರಡನೇ ಭಾಗ ಮಾತ್ರ ಇದ್ದರೆ ಅದನ್ನೇ ಇಡೀ ಪುಸ್ತಕ ಅಂತ ಬರೆದುಬಿಡುತ್ತಾರೆ.

ಸಂಶಯಪಿಶಾಚಿ

ಹಾಗಾದರೆ ಇವನ್ನಾದರೂ ಸ್ಕ್ಯಾನ್ ಮಾಡಿ ಹಾಕೋಣ. ಸುಟ್ಟು ಹಾಕಿದ್ದಾರೆ ಅಂದ ಮೇಲೆ ಉಳಿಸಬೇಕಲ್ವಾ?

ಮಿರ್ಚಿಮಂಡಕ್ಕಿ

ಬರೆದವರು ಬದುಕಿದ್ದಾರೆ ಸ್ವಾಮಿ. ಆ ಪುಸ್ತಕ ಮಾರಿ ಮನೆ ನಡೆಸಿದವರಿದ್ದಾರೆ. ಸಂತೆಯಲ್ಲಿ ಮಾರಿದ್ದು ಅಂತ ಯಾರದ್ದೂ ಅಲ್ಲದ ಆಸ್ತಿ ಆಗಿಬಿಡುತ್ತದಾ? ಬೆಂಗಳೂರಿನ ಲೇಖಕಿಯ ಕಾದಂಬರಿಯನ್ನು ಕೇಳದೆ ಪಿಡಿಎಫ್ ಮಾಡಿ ಹಂಚಿದರೆ ಸುಮ್ಮನಿರುತ್ತೀರಾ?

ಸಂಶಯಪಿಶಾಚಿ

ಕೇಳಿ ಮಾಡಬಹುದಲ್ಲ.

ಮಿರ್ಚಿಮಂಡಕ್ಕಿ

ಕೇಳಿ ಮಾಡುವುದಾದರೆ ಸರಿ. ಅದಕ್ಕೆ ಮೊದಲು ಯಾರು ಬರೆದದ್ದು, ಎಲ್ಲಿದ್ದಾರೆ ಅಂತ ಗೊತ್ತಾಗಬೇಕು. ಅಂದರೆ ಮತ್ತೆ ಕ್ಯಾಟಲಾಗಿಗೇ ಬಂದಿರಿ. ವಿವರ ಬರೆಯಲು ಯಾರ ಅನುಮತಿಯೂ ಬೇಡ.

ಸಂಶಯಪಿಶಾಚಿ

ಆಯ್ತು ತಾಯಿ. ಅಂದ ಹಾಗೆ ಓಸಿಆರ್ ಓಡಿಸಿದೆ. ಸ್ಕ್ಯಾನ್ ಚೆನ್ನಾಗಿಯೇ ಇತ್ತು, ಆದರೂ ಹೆಸರುಗಳೆಲ್ಲ ಚಿಂದಿ. "ಒಕೆನ್ವಾ" ಒಂದೇ ಪುಟದಲ್ಲಿ ಮೂರು ಥರ ಬಂತು. ಇದನ್ನು ನಂಬಿ ಹುಡುಕಿದರೆ ಲೇಖಕನೇ ಸಿಗಲ್ಲ, ಒಪ್ಪಿದೆ.

ಧಾರವಾಡದ ಮೇಷ್ಟ್ರು

ಅಜಮಿ ಬಗ್ಗೆ ಒಂದು ಸಾಲು. ಹೌಸಾ, ಫುಲಾನಿ, ವೊಲೊಫ್ ಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಹಳೇ ಪದ್ಧತಿ ಅದು. ಲಿಪಿ ನೋಡಿ "ಅರಬ್ಬಿ ಹಸ್ತಪ್ರತಿ" ಅಂತ ಚೀಟಿ ಅಂಟಿಸಿ ಇಟ್ಟದ್ದು ಎಷ್ಟೋ. ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಫಲ್ಲೂ ನ್ಗೋಮ್ ಅವರ ತಂಡ ಇಂಥವನ್ನು ಬಿಡಿಸಿ ಆನ್‌ಲೈನ್ ಸಂಗ್ರಹ ಮಾಡುತ್ತಿದೆ. ಕೋಡುಬಳೆಯವರು ಹೇಳಿದ ಹಾಗೆ ಭಾಷೆಯೇ ಬೇರೆ, ಲಿಪಿಯೇ ಬೇರೆ ಕಾಲಂ ಇರಬೇಕಾದ್ದು ಇದಕ್ಕೇ.

ಕೋಡುಬಳೆ

ಮೇಡಂ, ಬೆಲೆಗೆ ಕಾಲಂ ಇಡುತ್ತೀರಾ? ಲೈಬ್ರರಿ ಕ್ಯಾಟಲಾಗಿನಲ್ಲಿ ಅದನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ ಅಂತ ಕೇಳಿದೆ.

ಪುಟತಿರುವು

ಇಡಲೇಬೇಕು. ಇಸವಿ ಇಲ್ಲದ ಪುಸ್ತಿಕೆಗೆ ಬೆಲೆಯೇ ಸುಳಿವು. ನೈಜೀರಿಯಾ 1973ರ ಜನವರಿ 1ರಂದು ಪೌಂಡು ಬಿಟ್ಟು ನೈರಾಕ್ಕೆ ಬಂತು. ರಟ್ಟಿನ ಮೇಲೆ ಶಿಲಿಂಗ್, ಪೆನ್ಸ್ ಇದ್ದರೆ ಅದಕ್ಕಿಂತ ಹಿಂದಿನದು. ಲುಮುಂಬಾ ಸಾವಿನ ಮಾತು ಬಂದರೆ 1961ರ ಈಚಿನದು. ಒಳಗೆ ಬೇರೆ ಪುಸ್ತಿಕೆಗಳ ಜಾಹೀರಾತು ಇರುತ್ತದೆ, ಅವುಗಳಲ್ಲಿ ಒಂದರ ಇಸವಿ ಗೊತ್ತಿದ್ದರೆ ಇದು ಅದರ ಆಸುಪಾಸಿನದ್ದು ಅಂತ ಹಿಡಿಯಬಹುದು. ಆ ಜಾಹೀರಾತುಗಳನ್ನು ಪೂರ್ತಿ ಬರೆದುಕೊಳ್ಳಬೇಕು. ಎಷ್ಟೋ ಪುಸ್ತಿಕೆಗಳು ಇದ್ದವು ಅನ್ನುವುದಕ್ಕೆ ಅದೊಂದೇ ಸಾಕ್ಷಿ ಇರಬಹುದು.

ಮೇಷ್ಟ್ರು ಹೇಳಿದ ಕಳೆದುಹೋದ ಪುಸ್ತಕಗಳಿಗೆ ಬೇರೆ ಹಾಳೆ ಮಾಡುತ್ತಿದ್ದೇನೆ. "ಹೆಸರು ಮಾತ್ರ ಗೊತ್ತು, ಪ್ರತಿ ಸಿಕ್ಕಿಲ್ಲ" ಅಂತ. ಉಡುಪಿ ಮಲ್ಲಿಗೆ, ಭಾಷೆಯ ಕೋಡ್‌ಗಳ ಪಟ್ಟಿ ನೀವು ನೋಡಿಕೊಳ್ಳುತ್ತೀರಾ? ಮಿರ್ಚಿಮಂಡಕ್ಕಿ, ಕಾನೋ ಹಾಳೆ ನಿಮಗೆ. ಭಾಗದ ಸಂಖ್ಯೆಗೆ ಕಾಲಂ ಸೇರಿಸಿದ್ದೇನೆ.

ಉಡುಪಿ ಮಲ್ಲಿಗೆ

ಆಯ್ತು. ತುಳುವಿಗೂ ಒಂದು ಹಾಳೆ ಮಾಡಿಕೊಳ್ಳುತ್ತೇನೆ, ಬೈಬೇಡಿ.

ದೊಡ್ಡಪ್ಪನ ಟ್ರಂಕು

ಆರು ಪುಸ್ತಕದ ಫೋಟೋ ಹಾಕಿದ್ದೇನೆ, ನೋಡಿ. ಮಿಕ್ಕವು ಭಾನುವಾರ. ಒಂದಕ್ಕೆ ರಟ್ಟು ಇಲ್ಲ, ಮೊದಲ ಪುಟಗಳೂ ಹೋಗಿವೆ. ಒಳಗೆ ಮಾರ್ಜಿನ್ನಿನಲ್ಲಿ ದೊಡ್ಡಪ್ಪ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಾರೆ. ಅಮ್ಹಾರಿಕ್ ಕಲಿಯುತ್ತಿದ್ದರು ಅಂತ ಕಾಣುತ್ತದೆ. ಅದನ್ನು ಅಳಿಸಿ ಫೋಟೋ ತೆಗೆಯಲಾ?

ಪುಟತಿರುವು

ಅಳಿಸಬೇಡಿ! "ಪ್ರತಿಯ ವಿಶೇಷ" ಅನ್ನುವ ಕಾಲಂಗೆ ಅದು ಹೋಗುತ್ತದೆ. ರಟ್ಟಿಲ್ಲದ ಪುಸ್ತಕದ ಕೊನೆಯ ಪುಟ ತೆಗೆಯಿರಿ. ಅಚ್ಚುಕೂಟದ ಹೆಸರು ಕೆಲವು ಸಲ ಅಲ್ಲಿರುತ್ತದೆ. ಪುಟದ ಮೇಲಂಚಿನಲ್ಲಿ ಪುಸ್ತಕದ ಹೆಸರು ಸಣ್ಣದಾಗಿ ಇದೆಯಾ, ಅದನ್ನೂ ನೋಡಿ.

ದೊಡ್ಡಪ್ಪನ ಟ್ರಂಕು

ಮೇಲಂಚಿನಲ್ಲಿ ಏನೂ ಇಲ್ಲ. ಕೊನೆಯ ಪುಟದ ಅಡಿಯಲ್ಲಿ ಎರಡು ಸಾಲು ಇದೆ, ಒಂದು ರಬ್ಬರ್ ಸ್ಟಾಂಪ್ ಕೂಡ. ಹತ್ತಿರದಿಂದ ತೆಗೆದು ಈಗಲೇ ಹಾಕುತ್ತೇನೆ.